ಅಮೆರಿಕದ ಮೀನು, ಜಪಾನಿನ ಗಾಳ

ಸಿಹಿನೀರಿನ ಸರೋವರಗಳಲ್ಲಿ ಬಾಸ್ ಎಂಬ ಬೇಟೆಗಾರ ಮೀನನ್ನು ಹಿಡಿಯಲು ಇಂದು ಬಳಕೆಯಲ್ಲಿರುವ ಹಲವು ಬಗೆಯ ಗಾಳಗಳ ಪೈಕಿ ‘ಡ್ರಾಪ್ ಶಾಟ್’ ಎಂಬುದು ನೋಟಕ್ಕೆ ತೀರ ಸರಳವಾದುದು. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರದ ನಡುವೆ ಎಲ್ಲೋ ಇದ್ದು, ಕೊಕ್ಕೆಯು ಎಲ್ಲಕ್ಕಿಂತ ಕೆಳಗೆ ದಾರದ ತುದಿಯಲ್ಲಿ ತೂಗುತ್ತಿರುತ್ತದೆ. ಡ್ರಾಪ್ ಶಾಟ್‌ನಲ್ಲಿ ಈ ಕ್ರಮ ತಲೆಕೆಳಗಾಗಿ, ಗುಂಡು ತುದಿಗೆ ಇಳಿದು, ಕೊಕ್ಕೆಯು ಅದಕ್ಕಿಂತ ಒಂದು ಗೇಣೋ ಒಂದು ಮೊಳವೋ ಮೇಲೆ ದಾರಕ್ಕೆ ಅಡ್ಡವಾಗಿ ನಿಲ್ಲುತ್ತದೆ. ಇಷ್ಟು ಚಿಕ್ಕ ಬದಲಾವಣೆಗೆ ಒಂದು ಇತಿಹಾಸವಿರಬಹುದೆಂದು ಮೇಲುನೋಟಕ್ಕೆ ತೋರುವುದಿಲ್ಲ. ಆದರೆ ಒಂದು ದೇಶದ ಮೀನು ಇನ್ನೊಂದು ದೇಶದ ಸರೋವರಕ್ಕೆ ಹೋಗಿ, ಅಲ್ಲಿನ ಜನಸಂದಣಿಯಲ್ಲಿ ಹುಷಾರಾಗಿ, ಆ ಹುಷಾರು ಮೀನನ್ನು ಹಿಡಿಯಲೆಂದು ಪಳಗಿದ ಗಾಳವೊಂದು ಮೀನಿನ ತವರಿಗೇ ಮರಳಿದ ಸಂಗತಿ ಅದರೊಳಗೆ ಅಡಗಿದೆ. ಡ್ರಾಪ್ ಶಾಟನ್ನು ಯಾರು ಕಂಡುಹಿಡಿದರು ಎಂದು ಗಾಳಗಾರರು ಮೇಲಿಂದ ಮೇಲೆ ಚರ್ಚಿಸುವುದುಂಟು. ಅದಕ್ಕಿಂತ, ಅಂಥದೊಂದು ಗಾಳ ಬೇಕೆನಿಸುವ ಪರಿಸ್ಥಿತಿ ಎಲ್ಲಿ, ಏಕೆ ಉಂಟಾಯಿತೆಂದು ಕೇಳುವುದೇ ಹೆಚ್ಚು ಫಲಕಾರಿ.

ಬಾಸ್ ಎಂದು ಇಲ್ಲಿ ಕರೆದಿರುವುದು ಉತ್ತರ ಅಮೆರಿಕದ ‘ಬ್ಲ್ಯಾಕ್ ಬಾಸ್’ ಗುಂಪಿನ ಮೀನುಗಳನ್ನು. ದವಡೆ ಕಣ್ಣಿನಾಚೆಗೂ ಚಾಚಿಕೊಂಡಿರುವ ದೊಡ್ಡಬಾಯಿಯ ಬಾಸ್ ಮತ್ತು ತಂಪಾದ, ಕಲ್ಲುನೆಲದ ನೀರನ್ನು ಬಯಸುವ ಚಿಕ್ಕಬಾಯಿಯ ಬಾಸ್ ಇವುಗಳಲ್ಲಿ ಮುಖ್ಯವಾದವು. ಇವುಗಳ ಮೂಲ ನೆಲೆ ಆ ಖಂಡದ ಪೂರ್ವಾರ್ಧ, ಅಂದರೆ ಮಹಾಸರೋವರಗಳಿಂದ ಮಿಸಿಸಿಪ್ಪಿ ಕಣಿವೆಯುದ್ದಕ್ಕೂ ಮೆಕ್ಸಿಕೊ ಕೊಲ್ಲಿಯವರೆಗಿನ ಪ್ರದೇಶ. ಗಂಡು ಮೀನು ಬಾಲದಿಂದ ತಳವನ್ನು ಗುಡಿಸಿ ಗೂಡು ಮಾಡುತ್ತದೆ, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮೊಟ್ಟೆಗಳನ್ನೂ ಮರಿಗಳನ್ನೂ ತಾನೇ ಕಾಯುತ್ತದೆ, ಮತ್ತು ತನ್ನ ಬಾಯಿಗೆ ಹಿಡಿಸುವ ಯಾವ ಜೀವಿಯನ್ನೂ ತಿನ್ನುತ್ತದೆ. ಹೊಸ ನೀರಿಗೆ ಬಿಟ್ಟಲ್ಲೆಲ್ಲ ಈ ಮೀನು ನೆಲೆಯೂರಲು ಈ ಗುಣಗಳೇ ಕಾರಣ. ಮುಂದೆ ಅದರ ಮೇಲೆ ಬಂದ ದೂರುಗಳಿಗೂ ಇವೇ ಕಾರಣ.

ಬಾಸ್‌ನ ವಲಸೆ ಅಮೆರಿಕದೊಳಗೇ, ರೈಲು ಹಳಿಗಳ ಜೊತೆಯಲ್ಲೇ ಶುರುವಾಯಿತು. 1854ರಲ್ಲಿ ವಿಲಿಯಂ ಶ್ರೈವರ್ ಎಂಬಾತ ಓಹಿಯೊ ನದಿಯ ಕಡೆಯಿಂದ ಕೆಲವು ಚಿಕ್ಕಬಾಯಿಯ ಬಾಸ್‌ಗಳನ್ನು ಪೊಟೊಮ್ಯಾಕ್ ನದಿಗೆ ತಂದು ಬಿಟ್ಟ ಪ್ರಸಂಗ ಆ ದೇಶದ ಮೀನುಗಾರಿಕೆಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉಗಿಯಂತ್ರದ ಹಿಂದೆ ಸೌದೆ ಕಲ್ಲಿದ್ದಲುಗಳ ಜೊತೆಗೆ ಬಾಯ್ಲರಿಗೆ ಬೇಕಾದ ನೀರನ್ನೂ ಹೊತ್ತು ಸಾಗುವ ಟೆಂಡರ್ ಎಂಬ ಬಂಡಿ ಇರುತ್ತಿತ್ತು. ತೂತು ಕೊರೆದ ತಗಡಿನ ಬಕೆಟ್ಟಿನಲ್ಲಿ ಮೀನುಗಳನ್ನಿಟ್ಟು, ಆ ಬಕೆಟ್ಟನ್ನು ಟೆಂಡರಿನ ನೀರಿನೊಳಗೆ ಇಳಿಬಿಟ್ಟು, ಬಾಲ್ಟಿಮೋರ್–ಓಹಿಯೊ ರೈಲುಮಾರ್ಗದಲ್ಲಿ ಪರ್ವತಸಾಲನ್ನು ದಾಟಿಸಲಾಯಿತು. ಶತಮಾನ ಮುಗಿಯುವ ಮುನ್ನ ಬಾಸ್ ಪಶ್ಚಿಮದ ಕ್ಯಾಲಿಫೋರ್ನಿಯಾವನ್ನೂ ಮುಟ್ಟಿತ್ತು. ಆದರೆ ಪ್ರತಿಷ್ಠೆ ಇನ್ನೂ ಟ್ರೌಟ್ ಮೀನಿನದೇ ಆಗಿತ್ತು. ಇಂಗ್ಲಿಷ್ ಸಂಪ್ರದಾಯವನ್ನು ನೆಚ್ಚಿದ ಶ್ರೀಮಂತ ಹವ್ಯಾಸಿಗಳಿಗೆ ಬಾಸ್ ಹಳ್ಳಿಗಾಡಿನ ಒರಟು ಮೀನಾಗಿ ಕಾಣುತ್ತಿತ್ತು. ಜೇಮ್ಸ್ ಹೆನ್ಶಲ್ ಎಂಬ ವೈದ್ಯ 1881ರಲ್ಲಿ ಬ್ಲ್ಯಾಕ್ ಬಾಸ್ ಬಗೆಗೇ ಮೀಸಲಾದ ದಪ್ಪ ಪುಸ್ತಕವೊಂದನ್ನು ಪ್ರಕಟಿಸಿ, ಗಾಳಕ್ಕೆ ಸಿಕ್ಕಾಗ ಅದು ತೋರುವ ಕೆಚ್ಚನ್ನು ಟ್ರೌಟ್‌ಗಿಂತ ಮಿಗಿಲೆಂದು ವಾದಿಸಿದ ಮೇಲೆ ಈ ತಾರತಮ್ಯ ನಿಧಾನವಾಗಿ ಕರಗತೊಡಗಿತು.

ಬಾಸ್ ಹಿಡಿಯುವುದು ಸಾಮಾನ್ಯರ ದೊಡ್ಡ ಹವ್ಯಾಸವಾದದ್ದಕ್ಕೆ ಪುಸ್ತಕಗಳಿಗಿಂತ ಅಣೆಕಟ್ಟುಗಳು ಹೆಚ್ಚು ಕಾರಣ. 1933ರಲ್ಲಿ ಟೆನೆಸಿ ಕಣಿವೆ ಪ್ರಾಧಿಕಾರ ಸ್ಥಾಪನೆಯಾಗಿ, 1936ರಲ್ಲಿ ಅದರ ಮೊದಲ ದೊಡ್ಡ ಕಟ್ಟೆಯಾದ ನಾರಿಸ್ ಅಣೆಕಟ್ಟು ಮುಗಿದ ಮೇಲೆ, ಮುಂದಿನ ಮೂರು ದಶಕಗಳಲ್ಲಿ ದಕ್ಷಿಣದ ರಾಜ್ಯಗಳ ತುಂಬ ಹಿನ್ನೀರಿನ ಸರೋವರಗಳು ಹರಡಿಕೊಂಡವು. ಮುಳುಗಿದ ಮರಗಳು, ರಸ್ತೆಗಳು, ಹಳೆಯ ನದಿಪಾತ್ರದ ಅಂಚುಗಳು, ಇವೆಲ್ಲ ಬಾಸ್‌ಗೆ ಹೊಂಚು ಹಾಕುವ ತಾಣಗಳಾದವು. ನೈಲಾನ್ ದಾರ, ಗಾಜಿನ ನಾರಿನ ಗಾಳದ ಕೋಲು, ಶಬ್ದತರಂಗಗಳಿಂದ ತಳವನ್ನು ತೋರಿಸುವ ಸೋನಾರ್ ಯಂತ್ರ, ಇವೆಲ್ಲ ಒಂದೊಂದಾಗಿ ಅಂಗಡಿಗೆ ಬಂದವು. 1949ರಲ್ಲಿ ಓಹಿಯೊ ರಾಜ್ಯದ ಆಕ್ರನ್ ನಗರದ ನಿಕ್ ಕ್ರೀಮ್ ಮತ್ತು ಆತನ ಪತ್ನಿ ಮೃದುವಾದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ದು ಎರೆಹುಳುವಿನ ಆಕಾರದ ಹುಸಿ ಎರೆಯನ್ನು ತಯಾರಿಸಿದರು. ಡ್ರಾಪ್ ಶಾಟ್‌ನ ಕೊಕ್ಕೆಗೆ ಇಂದು ಚುಚ್ಚುವುದು ಈ ಪ್ಲಾಸ್ಟಿಕ್ ಹುಳುವಿನ ವಂಶದ್ದನ್ನೇ.

ಅಲಬಾಮಾದ ವಿಮಾ ಮಾರಾಟಗಾರ ರೇ ಸ್ಕಾಟ್ 1967ರ ಜೂನ್‌ನಲ್ಲಿ ಅರ್ಕನ್ಸಾಸ್‌ನ ಬೀವರ್ ಸರೋವರದಲ್ಲಿ 106 ಜನರನ್ನು ಸೇರಿಸಿ ಸ್ಪರ್ಧೆ ನಡೆಸಿದ. ಮರುವರ್ಷ ಬಾಸ್ ಗಾಳಗಾರರ ರಾಷ್ಟ್ರೀಯ ಸಂಘವನ್ನು ಕಟ್ಟಿದ. 1971ರಲ್ಲಿ ನೆವಾಡಾದ ಲೇಕ್ ಮೀಡ್‌ನಲ್ಲಿ ಗೆದ್ದವನಿಗೆ 10,000 ಡಾಲರ್ ಕೊಡುವ ಬಾಸ್‌ಮಾಸ್ಟರ್ ಕ್ಲಾಸಿಕ್ ಪಂದ್ಯವನ್ನು ಆರಂಭಿಸಿದ. 1972ರಿಂದ ಅವನ ಸಂಘವು ಹಿಡಿದ ಮೀನನ್ನು ಕೊಲ್ಲದೆ, ದೋಣಿಯಲ್ಲೇ ನೀರಿನ ತೊಟ್ಟಿಯಲ್ಲಿಟ್ಟು, ತೂಕವಾದ ಮೇಲೆ ಮರಳಿ ಬಿಡುವ ಪದ್ಧತಿಯನ್ನು ಸ್ಪರ್ಧೆಗಳಲ್ಲಿ ಪ್ರಚಾರ ಮಾಡಿತು. ಈ ಪದ್ಧತಿ ಬಾಸ್ ಸಂಖ್ಯೆಯನ್ನು ಉಳಿಸಿತೆಂಬ ಮಾತು ಸಾಕಷ್ಟು ಪ್ರಚಲಿತವಾಗಿದೆ. ಅಷ್ಟೇ ಮುಖ್ಯವಾದ ಇನ್ನೊಂದು ಪರಿಣಾಮದ ಕಡೆಗೆ ಹೆಚ್ಚು ಗಮನ ಹೋಗಿಲ್ಲ: ಒಮ್ಮೆ ಕೊಕ್ಕೆಯ ರುಚಿ ಕಂಡ ಮೀನುಗಳು ಅದೇ ನೀರಿನಲ್ಲಿ ಹೆಚ್ಚುತ್ತಾ ಹೋದವು, ಮತ್ತು ಗದ್ದಲ ಮಾಡುತ್ತಾ ವೇಗವಾಗಿ ಸಾಗುವ ದೊಡ್ಡ ಹುಸಿ ಎರೆಗಳಿಗೆ ಅವು ಸುಲಭಕ್ಕೆ ಬೀಳದಾದವು. ಅಮೆರಿಕದ ವಿಶಾಲ ಜಲಾಶಯಗಳಲ್ಲಿ ಈ ತೊಡಕು ತಡವಾಗಿ ಕಾಣಿಸಿತು. ಜಪಾನಿನಲ್ಲಿ ಅದು ಬೇಗನೆ ಎದುರಾಯಿತು.

ಜಪಾನಿಗೆ ಬಾಸ್ ತಂದವನು ಅಕಾಬೋಶಿ ತೆತ್ಸುಮಾ (1882–1951) ಎಂಬ ಸಿರಿವಂತ ಉದ್ಯಮಿ. ಅಮೆರಿಕದಲ್ಲಿ ಓದುತ್ತಿದ್ದಾಗ ಈ ಮೀನಿನ ಪರಿಚಯವಾಗಿದ್ದ ಆತ 1925ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಿಂದ ಸುಮಾರು 90 ಬಾಸ್‌ಗಳನ್ನು ಹಡಗಿನಲ್ಲಿ ತರಿಸಿ, ಸರ್ಕಾರದ ಒಪ್ಪಿಗೆ ಪಡೆದು, ಹಕೋನೆ ಬೆಟ್ಟಗಳ ನಡುವಿನ ಆಶಿ ಸರೋವರದಲ್ಲಿ ಬಿಡಿಸಿದ. ಆಟಕ್ಕೂ ಊಟಕ್ಕೂ ಒದಗುವ ಮೀನು ಎಂಬುದು ಅವನ ಲೆಕ್ಕಾಚಾರವಾಗಿತ್ತು. ಜ್ವಾಲಾಮುಖಿಯ ಕುಳಿಯಲ್ಲಿ ನೀರು ನಿಂತು ಆದ ಈ ಸರೋವರವನ್ನೇ ಆರಿಸಿದ್ದರ ಹಿಂದೆ, ಮೀನು ಬೇರೆ ನೀರುಗಳಿಗೆ ಹರಡದಿರಲಿ ಎಂಬ ಎಚ್ಚರಿಕೆಯೂ ಇತ್ತು. ಆ ಕಾಲದ ಮಟ್ಟಿಗೆ ಇದು ಕಡಿಮೆ ಎಚ್ಚರವೇನಲ್ಲ. 1952ರಲ್ಲಿ ಸಿಂಹಳದಿಂದ ಭಾರತಕ್ಕೆ ತಂದು, ಕೆರೆ ಕಟ್ಟೆಗಳಿಗೆ ಬಿಡುತ್ತಾ ಹೋದ ತಿಲಾಪಿಯ, ಅಂದರೆ ಕರ್ನಾಟಕದ ಮಾರುಕಟ್ಟೆಗಳ ಜಿಲೇಬಿ ಮೀನು, ಇಷ್ಟು ಜಾಗರೂಕತೆಯನ್ನೂ ಕಾಣಲಿಲ್ಲ. ಆದರೆ ಅಕಾಬೋಶಿಯ ಎಚ್ಚರಿಕೆ ಅವನ ಕಾಲದ ನಂತರ ಉಳಿಯಲಿಲ್ಲ. 1970ರ ದಶಕದಲ್ಲಿ ಹುಸಿ ಎರೆಯ ಗಾಳಗಾರಿಕೆ ಜಪಾನಿನ ಯುವಜನರ ಗೀಳಾದಾಗ ಬಾಸ್‌ಗಳು ಗುಟ್ಟಾಗಿ ಒಂದು ಕೆರೆಯಿಂದ ಇನ್ನೊಂದಕ್ಕೆ ಸಾಗಿದವು. 21ನೆಯ ಶತಮಾನದ ಆರಂಭದ ಹೊತ್ತಿಗೆ ದೇಶದ 47 ಪ್ರಾಂತಗಳಲ್ಲೂ ಅವು ಕಾಣಿಸಿಕೊಂಡಿದ್ದವು.

1989ರಲ್ಲಿ ಫುಜಿ ಪರ್ವತದ ಬುಡದ ಕವಾಗುಚಿ ಸರೋವರದಲ್ಲಿ ಬಾಸ್‌ಗೆ ಕಾನೂನುಬದ್ಧ ಮೀನುಗಾರಿಕೆ ಹಕ್ಕನ್ನು ನೀಡಲಾಯಿತು. ಇದರ ಅರ್ಥ, ಸ್ಥಳೀಯ ಮೀನುಗಾರರ ಸಹಕಾರ ಸಂಘವು ಚೀಟಿ ಮಾರಿ ಗಾಳಗಾರರಿಂದ ಹಣ ಪಡೆಯಬಹುದು, ಅದಕ್ಕೆ ಪ್ರತಿಯಾಗಿ ಸರೋವರದಲ್ಲಿ ಬಾಸ್ ಸಂಖ್ಯೆಯನ್ನು ಕಾಪಾಡಬೇಕು. ಟೋಕಿಯೊ ಮಹಾನಗರದಿಂದ ಕೆಲವೇ ಗಂಟೆಗಳ ಹಾದಿಯಲ್ಲಿರುವ ಈ ಸರೋವರದ ವಿಸ್ತಾರ ಆರು ಚದರ ಕಿಲೋಮೀಟರಿಗಿಂತ ಕಡಿಮೆ. ಲೇಕ್ ಮೀಡ್ ತುಂಬಿದಾಗ ಅದರ ನೂರು ಪಟ್ಟು ಮೀರುತ್ತದೆ. ರಜಾದಿನಗಳಲ್ಲಿ ದೋಣಿಗಳು ಒತ್ತೊತ್ತಾಗಿ ನಿಲ್ಲುವ ಇಂಥ ನೀರಿನಲ್ಲಿ ಒಂದು ಕಲ್ಲಿನ ಮಗ್ಗುಲಲ್ಲಿರುವ ಬಾಸ್ ಬೆಳಗಿನಿಂದ ಸಂಜೆಯೊಳಗೆ ಹತ್ತಾರು ಬಗೆಯ ಎರೆಗಳನ್ನು ನೋಡುತ್ತದೆ. ಹೀಗಾಗಿ ಜಪಾನಿನ ಗಾಳಗಾರರು ದಾರವನ್ನು ತೆಳುವಾಗಿಸಿದರು, ಎರೆಯನ್ನು ಚಿಕ್ಕದಾಗಿಸಿದರು, ಚಲನೆಯನ್ನು ತಗ್ಗಿಸಿದರು. ನೀರಿನೊಳಗೆ ನೈಲಾನಿಗಿಂತ ಕಡಿಮೆ ಕಾಣುವ ಫ್ಲೋರೋಕಾರ್ಬನ್ ದಾರವನ್ನು ಜಪಾನಿನ ಕುರೆಹಾ ಕಂಪನಿ 1971ರಷ್ಟು ಹಿಂದೆಯೇ ಮಾರುಕಟ್ಟೆಗೆ ತಂದಿತ್ತು. ಸೂಕ್ಷ್ಮವಾದ ಕೊಕ್ಕೆಗಳನ್ನು ತಯಾರಿಸುವ ಕಸುಬು ಹ್ಯೋಗೊ ಪ್ರಾಂತದ ಬಾನ್ಶು ಪ್ರದೇಶದಲ್ಲಿ ಮೊದಲೇ ಬೇರೂರಿತ್ತು. ಬೇಕಾದ ಸಾಮಗ್ರಿಯೆಲ್ಲ ಕೈಯಳತೆಯಲ್ಲಿತ್ತು.

ಗುಂಡನ್ನು ಕೆಳಗಿಟ್ಟು ಕೊಕ್ಕೆಯನ್ನು ಮೇಲಕ್ಕೆ ಕಟ್ಟುವ ಉಪಾಯ ಸಮುದ್ರದ ಮೀನುಗಾರರಿಗೆ ಹೊಸತಾಗಿರಲಿಲ್ಲ. ತಳದ ಬಂಡೆಗಳ ನಡುವೆ ವಾಸಿಸುವ ಮೀನುಗಳಿಗಾಗಿ ದಾರದ ತುದಿಗೆ ಭಾರ ಕಟ್ಟಿ, ಅದರ ಮೇಲೆ ಪಕ್ಕದೆಳೆಗಳಲ್ಲಿ ಹಲವು ಕೊಕ್ಕೆಗಳನ್ನು ಇಳಿಬಿಡುವ ಪದ್ಧತಿ ಜಪಾನಿನ ಕರಾವಳಿಯಲ್ಲಿ ‘ದೋತ್ಸುಕಿ’ ಎಂಬ ಹೆಸರಿನಲ್ಲಿ ಬಹುಕಾಲದಿಂದ ಇತ್ತು, ಮತ್ತು ಬೇರೆ ದೇಶಗಳ ಕಡಲ ಮೀನುಗಾರರೂ ಇದನ್ನು ಬಲ್ಲರು. ಸಿಹಿನೀರಿನ ಬಾಸ್ ಗಾಳಗಾರಿಕೆಯಲ್ಲಿ ನಡೆದದ್ದು ಇದರ ಸಂಕ್ಷೇಪೀಕರಣ: ಪಕ್ಕದೆಳೆ ಹೋಯಿತು, ಒಂದೇ ಕೊಕ್ಕೆ ಉಳಿಯಿತು, ಜೀವಂತ ಎರೆಯ ಜಾಗಕ್ಕೆ ಬೆರಳುದ್ದದ ಪ್ಲಾಸ್ಟಿಕ್ ಹುಳು ಬಂತು. 1990ರ ದಶಕದಲ್ಲಿ ಇದನ್ನು ಜಪಾನಿನಲ್ಲಿ ಜನಪ್ರಿಯಗೊಳಿಸಿದವರಲ್ಲಿ ಮುರಕಾಮಿ ಹರುಹಿಕೊ ಅವರ ಹೆಸರು ಮೊದಲು ಬರುತ್ತದೆ. ಅವರೊಂದಿಗೆ ಗುರುತಿಸಲಾಗುವ ‘ತ್ಸುನೆಕಿಚಿ’ ಎಂಬ ಹೆಸರಿನಿಂದಲೇ ಈ ಕಟ್ಟನ್ನು ಅಲ್ಲಿ ಕರೆಯುತ್ತಿದ್ದರು. ‘ಡೌನ್ ಶಾಟ್’ ಎಂಬುದು ಅಲ್ಲಿನ ಇನ್ನೊಂದು ವಾಡಿಕೆಯ ಹೆಸರು. ಇಷ್ಟರ ಮೇಲೆ ಒಬ್ಬರನ್ನೇ ಇದರ ಜನಕರೆಂದು ಹೇಳುವುದು, ಕರಾವಳಿಯ ಹೆಸರಿಲ್ಲದ ಮೀನುಗಾರರ ತಲೆಮಾರುಗಳನ್ನು ಮರೆತಂತೆ.

ಈ ಕಟ್ಟಿನ ಜಾಣತನವೆಲ್ಲ ಗಂಟಿನಲ್ಲಿದೆ. ದಾರವನ್ನು ಮಡಿಸಿ ಜೋಡಿಯೆಳೆ ಮಾಡಿ, ಕೊಕ್ಕೆಯ ತಲೆಯ ಕಣ್ಣಿನಲ್ಲಿ ತೂರಿಸಿ, ಸಡಿಲವಾಗಿ ಒಂದು ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ಕೊಕ್ಕೆಯನ್ನೇ ದಾಟಿಸಿ, ನೀರಿನಲ್ಲಿ ತೋಯಿಸಿ ಎಳೆದರೆ ‘ಪಲೊಮರ್’ ಎಂಬ ಗಂಟು ಬೀಳುತ್ತದೆ. ಸಾಮಾನ್ಯವಾಗಿ ಗಂಟಿನಾಚೆಗೆ ಮಿಕ್ಕ ದಾರವನ್ನು ಕತ್ತರಿಸುತ್ತಾರೆ. ಇಲ್ಲಿ ಅದನ್ನು ಮೊಳದಷ್ಟು ಉದ್ದ ಬಿಟ್ಟು, ಕೊಕ್ಕೆಯ ಮೊನೆಯಿರುವ ಕಡೆಯಿಂದ ಅದೇ ಕಣ್ಣಿನೊಳಗೆ ಮತ್ತೊಮ್ಮೆ ಕೆಳಮುಖವಾಗಿ ಹಾಯಿಸುತ್ತಾರೆ. ಅದರಿಂದ ಕೊಕ್ಕೆಯು ಜೋತುಬೀಳದೆ, ಮೊನೆ ಮೇಲಾಗಿ, ದಾರಕ್ಕೆ ಲಂಬವಾಗಿ ನಿಲ್ಲುತ್ತದೆ. ದಾರದ ತುದಿಗೆ ಸುಮಾರು ಏಳು ಗ್ರಾಂ ತೂಕದ ಸೀಸದ ಅಥವಾ ಟಂಗ್‌ಸ್ಟನ್‌ನ ಗುಂಡು. ಅದರ ತಲೆಯಲ್ಲಿರುವ ತಂತಿಯ ಕಣ್ಣು ಒಂದು ಕಡೆಗೆ ಕಿರಿದಾಗುತ್ತಾ ಹೋಗುವುದರಿಂದ, ಗಂಟೇ ಇಲ್ಲದೆ ದಾರವನ್ನು ಆ ಸಂದಿಗೆ ಎಳೆದರೆ ಸಾಕು, ಅದು ಕಚ್ಚಿ ಹಿಡಿಯುತ್ತದೆ. ಗುಂಡು ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡರೆ ಬಲವಾಗಿ ಜಗ್ಗಿದಾಗ ದಾರ ಜಾರಿ ಗುಂಡೊಂದೇ ಹೋಗುತ್ತದೆ, ಕೊಕ್ಕೆಯೂ ಮೀನೂ ಉಳಿಯುತ್ತವೆ. ಹುಳುವಿನ ಮೂತಿಗಷ್ಟೇ ಕೊಕ್ಕೆಯನ್ನು ಚುಚ್ಚುವುದರಿಂದ ಅದರ ಮೈಯೆಲ್ಲ ಅಲುಗಾಡಲು ಬಿಡುವಿರುತ್ತದೆ. ಗಾಳಗಾರನು ಗುಂಡನ್ನು ತಳದಲ್ಲಿ ಊರಿ, ದಾರವನ್ನು ತುಸು ಸಡಿಲಿಸಿ, ಕೋಲಿನ ತುದಿಯನ್ನು ನಡುಗಿಸುತ್ತಾನೆ. ಗುಂಡು ಕದಲುವುದಿಲ್ಲ, ಹುಳು ಮಾತ್ರ ತಳದಿಂದ ಒಂದಡಿ ಮೇಲೆ ಇದ್ದಲ್ಲೇ ಕುಣಿಯುತ್ತದೆ. ಬೇರೆ ಹಲವು ಬಗೆಯ ಗಾಳಗಳಲ್ಲಿ ಎರೆಯನ್ನು ಕುಣಿಸಬೇಕಾದರೆ ತನ್ನ ಕಡೆಗೆ ಎಳೆದುಕೊಳ್ಳಲೇಬೇಕು. ಬೆನ್ನಟ್ಟಲು ಮನಸ್ಸಿಲ್ಲದ ಮೀನಿನ ಮುಂದೆ ಎಷ್ಟು ಹೊತ್ತು ಬೇಕಾದರೂ ಎರೆಯನ್ನು ನಿಲ್ಲಿಸಬಲ್ಲದ್ದು ಡ್ರಾಪ್ ಶಾಟ್‌ನ ನಿಜವಾದ ಹೆಚ್ಚುಗಾರಿಕೆ.

1990ರ ದಶಕದ ಕೊನೆಯಲ್ಲಿ ಈ ಕಟ್ಟು ಪೆಸಿಫಿಕ್ ದಾಟಿ ಮೊದಲು ಕ್ಯಾಲಿಫೋರ್ನಿಯಾದಲ್ಲಿ ನೆಲೆಗೊಂಡದ್ದು ಆಕಸ್ಮಿಕವಲ್ಲ. ಅಲ್ಲಿನ ಜಲಾಶಯಗಳು ಆಳವಾದವು, ತಿಳಿನೀರಿನವು, ದೊಡ್ಡ ನಗರಗಳಿಗೆ ಹತ್ತಿರವಾದವು. ಅಂದರೆ ಅಮೆರಿಕದೊಳಗೆ ಜಪಾನಿನ ಪರಿಸ್ಥಿತಿಗೆ ಅತಿ ಸಮೀಪವಾದವು. ಡಾನ್ ಅಯೊವಿನೊ ಮೊದಲಾದವರು ಸೋನಾರ್ ನೋಡುತ್ತಾ ದೋಣಿಯ ನೇರ ಕೆಳಗೆ ಚಿಕ್ಕ ಹುಳುವನ್ನು ಇಳಿಸಿ ನಡುಗಿಸುವ ‘ಡೂಡ್ಲಿಂಗ್’ ಎಂಬ ವಿಧಾನವನ್ನು ಅಲ್ಲಿ ಮೊದಲೇ ಬೆಳೆಸಿದ್ದರಿಂದ, ಹೊಸ ಕಟ್ಟಿಗೆ ಹದವಾದ ನೆಲವಿತ್ತು. ಕ್ಯಾಲಿಫೋರ್ನಿಯಾದ ಆರನ್ ಮಾರ್ಟೆನ್ಸ್ (1972–2021) ಇದನ್ನು ರಾಷ್ಟ್ರಮಟ್ಟದ ಪಂದ್ಯಗಳಿಗೆ ಕೊಂಡೊಯ್ದ ಪ್ರಮುಖರು. ವರ್ಷದ ಶ್ರೇಷ್ಠ ಗಾಳಗಾರ ಎಂಬ ಗೌರವ ಅವರಿಗೆ ಮೂರು ಬಾರಿ ದಕ್ಕಿತು. 2004ರಲ್ಲಿ ಜಪಾನ್ ಮೂಲದ ತಕಾಹಿರೊ ಓಮೊರಿ ಬಾಸ್‌ಮಾಸ್ಟರ್ ಕ್ಲಾಸಿಕ್ ಗೆದ್ದ ಹೊತ್ತಿಗೆ, ಜಪಾನಿನ ಸೂಕ್ಷ್ಮ ಗಾಳಗಾರಿಕೆಯನ್ನು ಹಗುರವಾಗಿ ಕಾಣುವವರು ಅಮೆರಿಕದಲ್ಲಿ ವಿರಳವಾಗಿದ್ದರು.

ಅಲ್ಲಿಂದ ಮುಂದೆ ಡ್ರಾಪ್ ಶಾಟ್ ಹೆಚ್ಚು ಫಲ ಕೊಟ್ಟದ್ದು ಉತ್ತರದ ಮಹಾಸರೋವರಗಳಲ್ಲಿ. ಹಡಗುಗಳ ನಿಲುಭಾರದ ನೀರಿನೊಂದಿಗೆ ಯುರೋಪಿನ ಕಡೆಯಿಂದ ಬಂದ ಜೀಬ್ರಾ ಚಿಪ್ಪುಜೀವಿಗಳು 1980ರ ದಶಕದ ಕೊನೆಯಿಂದ ಅಲ್ಲಿನ ನೀರನ್ನು ಸೋಸಿ ತಿಳಿಗೊಳಿಸಿದ್ದವು. ಅದೇ ದಾರಿಯಲ್ಲಿ ಬಂದು 1990ರಲ್ಲಿ ಸೇಂಟ್ ಕ್ಲೇರ್ ನದಿಯಲ್ಲಿ ಪತ್ತೆಯಾದ ಗೋಬಿ ಎಂಬ ಪುಟ್ಟ ಮೀನು ತಳದ ತುಂಬ ಹರಡಿ, ಚಿಕ್ಕಬಾಯಿಯ ಬಾಸ್‌ಗೆ ಸಮೃದ್ಧ ಆಹಾರವಾಗಿತ್ತು. ತಿಳಿನೀರಿಗೆ ತೆಳುದಾರ, ತಳದ ಗೋಬಿಗೆ ಅದರ ರೂಪದ ಪ್ಲಾಸ್ಟಿಕ್ ಎರೆ: ಡ್ರಾಪ್ ಶಾಟ್ ಅಲ್ಲಿಗೆಂದೇ ಮಾಡಿದಂತಿತ್ತು. ಇದರಿಂದ ತೊಂದರೆಯೂ ಆಯಿತು. ಹತ್ತು ಮೀಟರಿಗಿಂತ ಆಳದಿಂದ ಸರಸರನೆ ಮೇಲೆಳೆದ ಬಾಸ್‌ನ ಗಾಳಿಚೀಲ ಒತ್ತಡ ತಗ್ಗಿದೊಡನೆ ಉಬ್ಬಿಕೊಳ್ಳುತ್ತದೆ; ಈ ಮೀನಿಗೆ ಆ ಗಾಳಿಯನ್ನು ಬೇಗ ಹೊರಹಾಕುವ ದಾರಿಯಿಲ್ಲದ ಕಾರಣ, ಮರಳಿ ಬಿಟ್ಟರೂ ಮುಳುಗಲಾರದೆ ಮೇಲೆಯೇ ತೇಲುತ್ತದೆ. ಸೂಜಿ ಚುಚ್ಚಿ ಗಾಳಿ ತೆಗೆಯುವುದನ್ನು ಅಲ್ಲಿನ ಗಾಳಗಾರರು ಕಲಿಯಬೇಕಾಯಿತು. ಮೀನನ್ನು ಕೊಲ್ಲದೆ ಬಿಡುವ ಆದರ್ಶಕ್ಕೂ ಆಳದ ಮೀನನ್ನು ಹಿಡಿಯುವ ಜಾಣ್ಮೆಗೂ ನಡುವಿನ ಈ ವಿರೋಧವನ್ನು ಸೂಜಿಯೊಂದು ಪೂರ್ತಿ ಬಗೆಹರಿಸಿದೆ ಎನ್ನಲಾಗದು.

ಜಪಾನಿನಲ್ಲಿ ಈ ನಡುವೆ ಮೀನಿನ ಮೇಲೆಯೇ ಮೊಕದ್ದಮೆ ಹೂಡಿದಂತಾಗಿತ್ತು. ಸುಮಾರು 670 ಚದರ ಕಿಲೋಮೀಟರ್ ವಿಸ್ತಾರದ, ಆ ದೇಶದ ಅತಿ ದೊಡ್ಡದೂ ಅತಿ ಪ್ರಾಚೀನವೂ ಆದ ಬಿವಾ ಸರೋವರದಲ್ಲಿ ಬಾಸ್ 1974ರಲ್ಲಿ ಕಾಣಿಸಿಕೊಂಡು, 1980ರ ದಶಕದಲ್ಲಿ ವಿಪರೀತ ಹೆಚ್ಚಿತು. ಆ ಸರೋವರದಲ್ಲಿ ಮಾತ್ರ ವಿಕಾಸಗೊಂಡ ಹಲವು ಮೀನುಗಳು ಕ್ಷೀಣಿಸಿದವು. ಅವುಗಳಲ್ಲಿ ನಿಗೊರೊಬುನಾ ಮುಖ್ಯವಾದುದು. ಅದನ್ನು ಉಪ್ಪು ಹಾಕಿ, ಅನ್ನದಲ್ಲಿ ತಿಂಗಳುಗಟ್ಟಲೆ ಹುಳಿಯಿಸಿ ಮಾಡುವ ಫುನಾಝುಶಿ ಆ ಪ್ರದೇಶದ ಪುರಾತನ ತಿನಿಸು. ದೋಷವನ್ನು ಬಾಸ್ ಒಂದರ ಮೇಲೆ ಹೊರಿಸುವುದು ಸರಿಯಲ್ಲ. 1972ರಿಂದ 1997ರವರೆಗೆ ನಡೆದ ಬಿವಾ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ದಡಕ್ಕೆ ಕಾಂಕ್ರೀಟ್ ಬಿದ್ದು, ಮೀನುಗಳು ಮೊಟ್ಟೆಯಿಡುತ್ತಿದ್ದ ಜೊಂಡಿನ ತಾಣಗಳು ಕುಗ್ಗಿದ್ದವು. ಆದರೆ ಕಾಂಕ್ರೀಟನ್ನು ಹಾಕಿದವರು ಯಾರೆಂದು ಹೇಳುವುದಕ್ಕಿಂತ ಹೊರದೇಶದ ಮೀನನ್ನು ದೂರುವುದು ಸುಲಭವಾಗಿತ್ತು. ಜೊತೆಗೆ ಬ್ಲೂಗಿಲ್ ಎಂಬ ಇನ್ನೊಂದು ಅಮೆರಿಕನ್ ಮೀನೂ ಆರೋಪಿಯಾಯಿತು. ಅದು 1960ರಲ್ಲಿ ಆಗಿನ ಯುವರಾಜ ಅಕಿಹಿತೊ ಅವರಿಗೆ ಶಿಕಾಗೊದಲ್ಲಿ ಸಿಕ್ಕ ಉಡುಗೊರೆ. ಮೀನುಶಾಸ್ತ್ರದ ವಿದ್ವಾಂಸರೂ ಆಗಿದ್ದ ಅವರು 2007ರ ನವೆಂಬರಿನಲ್ಲಿ, ಚಕ್ರವರ್ತಿಯಾಗಿ ಬಿವಾ ದಂಡೆಯ ಓತ್ಸು ನಗರಕ್ಕೆ ಬಂದಾಗ, ಅದರ ಪರಿಣಾಮಗಳಿಗಾಗಿ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು.

ಬಿವಾ ಇರುವ ಶಿಗಾ ಪ್ರಾಂತವು 2003ರ ಏಪ್ರಿಲ್‌ನಿಂದ, ಹಿಡಿದ ಬಾಸ್ ಮತ್ತು ಬ್ಲೂಗಿಲ್‌ಗಳನ್ನು ಮರಳಿ ನೀರಿಗೆ ಬಿಡುವುದನ್ನು ನಿಷೇಧಿಸಿ, ದಡದುದ್ದಕ್ಕೂ ಅವುಗಳನ್ನು ಹಾಕುವ ಪೆಟ್ಟಿಗೆಗಳನ್ನು ಇಡಿಸಿತು. 2005ರ ಜೂನ್‌ನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕಾನೂನು ಬಾಸ್‌ಗಳನ್ನು ಆಕ್ರಮಣಕಾರಿ ಹೊರಜೀವಿಗಳ ಪಟ್ಟಿಗೆ ಸೇರಿಸಿ, ಅವುಗಳನ್ನು ಜೀವಂತವಾಗಿ ಸಾಗಿಸುವುದಕ್ಕೂ ಹೊಸ ನೀರಿಗೆ ಬಿಡುವುದಕ್ಕೂ ಮೂರು ವರ್ಷಗಳವರೆಗಿನ ಸೆರೆ ಅಥವಾ 30 ಲಕ್ಷ ಯೆನ್‌ವರೆಗಿನ ದಂಡವನ್ನು ವಿಧಿಸಿತು. ಗಾಳ ಹಾಕುವುದನ್ನು ಮಾತ್ರ ಅದು ತಡೆಯಲಿಲ್ಲ. ಹೀಗಾಗಿ 2009ರ ಜುಲೈ 2ರಂದು ಕುರಿತಾ ಮನಾಬು ಅವರು ಬಿವಾದಲ್ಲಿ 10.12 ಕಿಲೋ ತೂಕದ ಬಾಸ್ ಹಿಡಿದು, 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರಿ ಸ್ಥಾಪಿಸಿದ ವಿಶ್ವದಾಖಲೆಯನ್ನು ಸರಿಗಟ್ಟಿದಾಗ, ಆ ಮೀನು ಕಾನೂನಿನ ಕಣ್ಣಿನಲ್ಲಿ ಒಂದು ಪಿಡುಗಾಗಿತ್ತು. ಅದನ್ನು ಹಿಡಿದದ್ದು ಡ್ರಾಪ್ ಶಾಟ್‌ನಿಂದ ಅಲ್ಲ. ಎರೆಯಾಗಿದ್ದದ್ದು ಜೀವಂತ ಬ್ಲೂಗಿಲ್.

ಬಾಸ್‌ಗೆ ಮೀನುಗಾರಿಕೆ ಹಕ್ಕು ಪಡೆದಿರುವ ಆಶಿ, ಕವಾಗುಚಿ, ಯಮನಾಕಾ ಮತ್ತು ಸಾಯ್ ಎಂಬ ನಾಲ್ಕು ಸರೋವರಗಳಿಗೆ ರಾಷ್ಟ್ರೀಯ ಕಾನೂನಿನಲ್ಲಿ ವಿನಾಯಿತಿ ಸಿಕ್ಕಿತು. ಆದರೆ ತಳದಲ್ಲಿ ಹರಿದು ಬಿದ್ದು ಕರಗದೆ ಉಳಿಯುವ ಪ್ಲಾಸ್ಟಿಕ್ ಹುಳುಗಳ ಮಾಲಿನ್ಯವನ್ನು ತಡೆಯಲು ಕವಾಗುಚಿಯಲ್ಲಿ 2007ರಿಂದ ಅವುಗಳ ಬಳಕೆಯನ್ನೇ ನಿಷೇಧಿಸಲಾಗಿದೆ. ಹಾಗಾಗಿ ಬಾಸ್ ಹಿಡಿಯಲು ಚೀಟಿ ಕೊಡುವ ಆ ಸರೋವರದಲ್ಲಿ, ಜಪಾನಿನಲ್ಲೇ ರೂಢಿಗೆ ಬಂದ ಡ್ರಾಪ್ ಶಾಟನ್ನು ಅದರ ವಾಡಿಕೆಯ ಎರೆಯೊಡನೆ ಇಳಿಬಿಡುವಂತಿಲ್ಲ.